ದಶಮೂಲಾರಿಷ್ಟವನ್ನು ನಾನು ತಯಾರಿಸುವ ಬಗೆ

ಬಳ್ಳಾರಿಯ ತಾರಾನಾಥ ಸರ್ಕಾರಿ ಆಯುರ್ವೇದ ಕಾಲೇಜಿನಲ್ಲಿ ಓದಿ ಸಿಂಧನೂರಿನಲ್ಲಿ ವೈದ್ಯವೃತ್ತಿ ನಡೆಸುತ್ತಿರುವ ನಾನು, ನನ್ನಲ್ಲಿಗೆ ಬರುವ ಬಾಣಂತಿಯರಿಗಾಗಿ ದಶಮೂಲಾರಿಷ್ಟವನ್ನು, ಅಂದರೆ ಹತ್ತು ಬೇರುಗಳ ಕಷಾಯವನ್ನು ಹುದುಗಿಸಿ ಮಾಡುವ ಔಷಧಿಯನ್ನು, ಸ್ವತಃ ತಯಾರಿಸುತ್ತೇನೆ. ಹತ್ತು ಬೇರುಗಳಲ್ಲಿ ನೆಗ್ಗಿಲು, ನೆಲಗುಳ್ಳ ನಮ್ಮ ಹೊಲದ ಬದುಗಳಲ್ಲಿಯೇ ಸಿಗುತ್ತವೆ. ಶಿವನೆ, ಪಾದರಿಗಳ ಬೇರಿಗೆ ಗ್ರಂಥಿಗೆ ಅಂಗಡಿಯೇ ಗತಿ.

ಬೇರುಗಳನ್ನು ಜಜ್ಜಿ, ನೀರು ಕಾಲುಭಾಗಕ್ಕೆ ಇಳಿಯುವವರೆಗೆ ಕುದಿಸಿ ಸೋಸಿದ ಕಷಾಯಕ್ಕೆ ದ್ರಾಕ್ಷಿಯ ಕಷಾಯ, ಬೆಲ್ಲ, ಜೇನುತುಪ್ಪ, ಧಾತಕಿ ಹೂವು, ಹಿಪ್ಪಲಿ, ಏಲಕ್ಕಿ ಮೊದಲಾದವುಗಳ ಪುಡಿಯನ್ನು ಸೇರಿಸಿ, ಒಳಗೆ ತುಪ್ಪ ಸವರಿದ ಭರಣಿಯಲ್ಲಿ ಮುಚ್ಚಿಡುತ್ತೇನೆ. ಕಷಾಯ ಪೂರ್ತಿ ಆರಿರಲೇಬೇಕು, ಏಕೆಂದರೆ ಹುದುಗು ಬರಿಸುವ ಯೀಸ್ಟ್ ಧಾತಕಿ ಹೂವಿನ ಜೊತೆಗೇ ಬರುತ್ತದೆ, ಬಿಸಿಗೆ ಅದು ಸಾಯುತ್ತದೆ. ರಾಯಚೂರು ಸೀಮೆಯ ಬೇಸಿಗೆ 40 ಡಿಗ್ರಿ ದಾಟುವುದರಿಂದ ಕಾರ್ತಿಕದಿಂದ ಮಾಘದವರೆಗೆ ಮಾತ್ರ ಈ ಕೆಲಸಕ್ಕೆ ಕೈಹಾಕುತ್ತೇನೆ. ಭರಣಿಯ ಬಾಯಿಗೆ ಹಿಡಿದ ಉರಿಯುವ ಕಡ್ಡಿ ಆರಿದರೆ ಇಂಗಾಲದ ಡೈಆಕ್ಸೈಡ್ ಇನ್ನೂ ಏಳುತ್ತಿದೆಯೆಂದು ಅರ್ಥ. ಆರದೆ ಉರಿದು, ಒಳಗಿನ ಸದ್ದು ನಿಂತು, ಪುಡಿ ತಳಕ್ಕಿಳಿದಿದ್ದರೆ ಅರಿಷ್ಟ ಸಿದ್ಧ.

ಹೀಗೆ ತಾನಾಗಿ ಹುಟ್ಟುವ ಮದ್ಯಸಾರವೇ ಬೇರಿನ ಸತ್ವವನ್ನು ಹಿಡಿದಿಟ್ಟು ಔಷಧಿ ಕೆಡದಂತೆ ಕಾಯುತ್ತದೆ. ಲೋಹವನ್ನು ಚಿನ್ನವಾಗಿಸುವ, ಅಮರತ್ವ ಕೊಡುವ ದ್ರವ್ಯವನ್ನು ಹುಡುಕುತ್ತಿದ್ದ ಯುರೋಪಿನ ರಸವಾದಿಗಳೂ ಇದನ್ನು ಕಂಡುಕೊಂಡಿದ್ದರು. 14ನೆಯ ಶತಮಾನದಲ್ಲಿ ರುಪೆಸಿಸ್ಸಾದ ಜಾನ್ ಎಂಬ ಸಂನ್ಯಾಸಿ ದ್ರಾಕ್ಷಾರಸವನ್ನು ಭಟ್ಟಿಯಿಳಿಸಿ ಪಡೆದ ಸಾರದಲ್ಲಿ ಗಿಡಮೂಲಿಕೆಗಳನ್ನು ನೆನೆಹಾಕಿ, ದೇಹವನ್ನು ಕೊಳೆಯದಂತೆ ಕಾಯುವ ದ್ರವ್ಯ ಅದೆಂದು ನಂಬಿದ್ದ. ದೇಹದ ಮಾತು ಹುಸಿಯಾಯಿತು, ಮೂಲಿಕೆಯ ಮಾತು ನಿಂತಿತು. ಅಮರತ್ವದ ಇನ್ನೊಂದು ದಾರಿ ಪಾದರಸದ್ದು. ಚೀನಾದ ಟಾಂಗ್ ವಂಶದ ಚಕ್ರವರ್ತಿ ವೂಜೋಂಗ್ 846ರಲ್ಲಿ ತೀರಿಕೊಂಡದ್ದು ಅಂಥ ಸಿದ್ಧೌಷಧಿಗಳ ಸೇವನೆಯಿಂದಲೇ ಎನ್ನುತ್ತಾರೆ. ಲೋಹ, ಖನಿಜಗಳಿಂದ ಔಷಧಿ ಮಾಡುವುದನ್ನು ಹೇಳುವ ನಮ್ಮ ರಸಶಾಸ್ತ್ರ ಪಾದರಸವನ್ನು ಹದಗೊಳಿಸಲು ಹದಿನೆಂಟು ಸಂಸ್ಕಾರಗಳನ್ನು ಹೇಳಿದ್ದರೂ ನಾನು ಅದನ್ನು ಮುಟ್ಟುವುದಿಲ್ಲ.

ಔಷಧಿಯನ್ನು ಹೊರುವ ದ್ರವದ ಬಗ್ಗೆ ನಾನು ಇಷ್ಟು ಜಿಗುಟು ಹಿಡಿಯುವುದಕ್ಕೆ 1937ರ ಅಮೆರಿಕದ ಘಟನೆಯೂ ಒಂದು ಕಾರಣ. ಸಲ್ಫಾನಿಲಮೈಡ್ ಎಂಬ ಒಳ್ಳೆಯ ಔಷಧಿಯನ್ನು ಅಲ್ಲಿ ಮದ್ಯಸಾರದ ಬದಲು ವಿಷಕಾರಿಯಾದ ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ, ಎಲಿಕ್ಸರ್ ಎಂಬ ಹೆಸರಿನಲ್ಲಿ ಮಾರಿದರು. ಮಕ್ಕಳೂ ಸೇರಿ ನೂರಕ್ಕೂ ಹೆಚ್ಚು ಜನ ಸತ್ತರು. ಎಲಿಕ್ಸರ್ ಎಂದರೆ ಮದ್ಯಸಾರ ಇರಬೇಕು, ಇದರಲ್ಲಿ ಇಲ್ಲ ಎಂಬ ಹೆಸರಿನ ತಪ್ಪನ್ನು ಹಿಡಿದೇ ಸರ್ಕಾರ ಅದನ್ನು ಜಪ್ತಿ ಮಾಡಬೇಕಾಯಿತು, ಏಕೆಂದರೆ ಮಾರುವ ಮೊದಲು ಸುರಕ್ಷತೆಯನ್ನು ತೋರಿಸಬೇಕೆಂಬ ಕಾನೂನು ಬಂದದ್ದು 1938ರಲ್ಲಿ.

ಬಾಣಂತಿಯರಿಗೆ ಊಟದ ನಂತರ 15 ಮಿ.ಲೀ. ಅರಿಷ್ಟವನ್ನು ಅಷ್ಟೇ ನೀರು ಬೆರೆಸಿ ಕೊಡಿಸುತ್ತೇನೆ. ಸಕ್ಕರೆ ಕಾಯಿಲೆ ಇರುವವರಿಗೆ ಬೆಲ್ಲದ ಕಾರಣದಿಂದ ಅರಿಷ್ಟ ಬೇಡವೆಂದು ಬರಿಯ ಕಷಾಯವನ್ನೇ ದಿನವೂ ಕಾಯಿಸಿಕೊಳ್ಳಲು ಹೇಳುತ್ತೇನೆ.