ಗುಂಡಿಯ ಅಂಕಿ ಮತ್ತು ಓವನ್ನಿನ ನಿಜವಾದ ಬಿಸಿ

ಮಂಗಳೂರಿನಲ್ಲಿ ಡಿಸೆಂಬರ್ ಬಂತೆಂದರೆ ಕುಸ್ವಾರ್ ಎಂಬ ಕ್ರಿಸ್‌ಮಸ್ ತಿಂಡಿಗಳ ತಟ್ಟೆಯ ಜತೆಗೆ ಪ್ಲಮ್ ಕೇಕ್ ಆಗಲೇಬೇಕು. 150ರಿಂದ 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಧಾನವಾಗಿ ಬೇಯಬೇಕಾದ ಈ ಕೇಕ್, ನಮ್ಮ ಓಟಿಜಿಯಲ್ಲಿ (ಮನೆಬಳಕೆಯ ಪುಟ್ಟ ವಿದ್ಯುತ್ ಓವನ್) ಮೇಲ್ಭಾಗ ಕರಕಲಾಗಿ ನಡುವೆ ಹಸಿಯಾಗಿಯೇ ಉಳಿಯುತ್ತಿದ್ದುದರಿಂದ, ಉಷ್ಣತೆ ಹೊಂದಿಸುವ ಗುಂಡಿಯ ಅಂಕಿ ಎಷ್ಟು ನಿಜವೆಂದು ಅಳೆದು ನೋಡಲು ತೀರ್ಮಾನಿಸಿದೆ.

ಅಳೆಯುವ ಸಾಧನವೇ ಸುಳ್ಳಾದರೆ ಮುಂದಿನದ್ದೆಲ್ಲ ವ್ಯರ್ಥ. ಆದ್ದರಿಂದ ಮಲ್ಟಿಮೀಟರಿಗೆ ಜೋಡಿಸುವ, ಉಷ್ಣತೆ ಅಳೆಯುವ ಥರ್ಮೋಕಪಲ್ ತಂತಿಯ ತುದಿಯನ್ನು ಮೊದಲು ಕುದಿಯುವ ನೀರಿನಲ್ಲಿ, ಪಾತ್ರೆಯ ತಳಕ್ಕೆ ತಾಗದಂತೆ ಹಿಡಿದೆ. ಕಡಲತೀರದ ಊರಿನವರಿಗೆ ಇದೊಂದು ಅನುಕೂಲ: ಇಲ್ಲಿ ನೀರು 100 ಡಿಗ್ರಿಯಲ್ಲೇ ಕುದಿಯುತ್ತದೆ, ಮಡಿಕೇರಿಯಲ್ಲಾದರೆ 96ರ ಆಸುಪಾಸಿನಲ್ಲಿ.

ಬಳಿಕ ಆ ತುದಿಯನ್ನು ನಡುವಿನ ಜಾಲರಿಯ ಮೇಲೆ, ಕಬ್ಬಿಣಕ್ಕೆ ತಾಗದಂತೆ ಎತ್ತಿ ಕಟ್ಟಿ, ಮೇಲಿನ ರಾಡಿನ ಕಾವು ನೇರವಾಗಿ ಬೀಳದಿರಲು ಅಲ್ಯೂಮಿನಿಯಂ ಹಾಳೆಯ ಪುಟ್ಟ ಮರೆಯನ್ನು ಮಾಡಿ, ಗುಂಡಿಯನ್ನು 180ಕ್ಕೆ ತಿರುಗಿಸಿದೆ. ರಾಡು ಕಾಯುತ್ತಿರುವಾಗ ಉರಿಯುವ ದೀಪ ಮೊದಲ ಸಲ ಆರಿದಾಗ ಬಿಸಿಯಾಗಿರುವುದು ಒಳಗಿನ ಗಾಳಿ ಮಾತ್ರ, ಗೋಡೆಗಳಲ್ಲ. ಆದ್ದರಿಂದ ಅರ್ಧ ಗಂಟೆ ಕಾದು ಅಳತೆ ಆರಂಭಿಸಿದೆ. ಆಗ ಉಷ್ಣತೆ 184ರಿಂದ 212ರವರೆಗೆ ಏರಿಳಿಯುತ್ತಿತ್ತು. ಉಷ್ಣತೆಯನ್ನು ನಿಯಂತ್ರಿಸುವ ಥರ್ಮೋಸ್ಟ್ಯಾಟ್ ವಿದ್ಯುತ್ತನ್ನು ಕಡಿದರೂ ಕಾದ ರಾಡು ಕೆಲಹೊತ್ತು ಬಿಸಿಯನ್ನು ಸೂಸುತ್ತಲೇ ಇರುವುದರಿಂದ ಈ ಏರಿಳಿತ ದೋಷವೇನಲ್ಲ. ಒಂದೇ ಅಂಕಿಯನ್ನು ನೋಡಿ ತೀರ್ಪು ಕೊಡಬಾರದು ಅಷ್ಟೆ. ಹಲವು ಸುತ್ತುಗಳ ಗರಿಷ್ಠ, ಕನಿಷ್ಠಗಳ ಸರಾಸರಿ 198 ಬಂತು, ಅಂದರೆ 18 ಡಿಗ್ರಿ ಹೆಚ್ಚು. ಗುಂಡಿ 150ರಲ್ಲಿದ್ದಾಗ ವ್ಯತ್ಯಾಸ ಅದರ ಅರ್ಧದಷ್ಟೇ ಇತ್ತು.

ಡಿಜಿಟಲ್ ಓವನ್‌ಗಳಲ್ಲಿ ಹಲವಕ್ಕೆ ಈ ವ್ಯತ್ಯಾಸವನ್ನು ಸರಿಪಡಿಸುವ ಸೆಟ್ಟಿಂಗ್ ಇರುತ್ತದೆ. ನಮ್ಮದರಲ್ಲಿ ಅದಿಲ್ಲ. ವಿದ್ಯುತ್ ಹರಿಯುವ ಪೆಟ್ಟಿಗೆಯನ್ನು ಬಿಚ್ಚಿ ಥರ್ಮೋಸ್ಟ್ಯಾಟಿನ ತಿರುಪನ್ನು ಕೆದಕುವುದು ನನಗೆ ಸರಿಯೆನಿಸಲಿಲ್ಲ. ವ್ಯತ್ಯಾಸ ಗುಂಡಿಯ ಎಲ್ಲ ಅಂಕಿಗಳಲ್ಲೂ ಒಂದೇ ಸಮನಾಗಿಲ್ಲದ ಕಾರಣ ಅದರಿಂದ ಪೂರ್ಣ ಪರಿಹಾರವೂ ಸಿಗದು. ಗುಂಡಿಯ ಸುತ್ತ ಕಾಗದದ ಟೇಪ್ ಅಂಟಿಸಿ, ನಿಜವಾದ 150, 180, 200 ಬರುವ ಜಾಗಗಳನ್ನು ಪೆನ್ಸಿಲ್‌ನಿಂದ ಗುರುತಿಸಿದೆ. ಅದರಿಂದ ನಡುಭಾಗ ಸರಿಯಾಗಿ ಬೇಯತೊಡಗಿತಾದರೂ ಮೇಲ್ಭಾಗ ಇನ್ನೂ ಕಪ್ಪಾಗುತ್ತಿದ್ದುದಕ್ಕೆ ಕಾರಣ ಮೇಲಿನ ರಾಡಿನ ನೇರ ಕಾವು. ಟ್ರೇಯನ್ನು ಒಂದು ಹಂತ ಕೆಳಗಿಳಿಸಿದ ಮೇಲೆ ಅದೂ ನಿಂತಿತು.

ಸಂಜೆ ವೋಲ್ಟೇಜ್ 230ರಿಂದ 200ಕ್ಕೆ ಇಳಿದರೆ ರಾಡಿನ ಶಕ್ತಿ ಸುಮಾರು ಮುಕ್ಕಾಲಕ್ಕೆ ಕುಸಿಯುತ್ತದೆ. ಆಗ ಓವನ್ ಕಾಯಲು ಹೆಚ್ಚು ಹೊತ್ತು ಹಿಡಿಯುತ್ತದೆಯೇ ಹೊರತು ಥರ್ಮೋಸ್ಟ್ಯಾಟ್ ಕಡಿಯುವ ಉಷ್ಣತೆ ಬದಲಾಗುವುದಿಲ್ಲವಾದ್ದರಿಂದ, ಗಡಿಯಾರದ ಬದಲು ದೀಪ ಕೆಲವು ಸಲ ಆರಿ ಹೊತ್ತಿದ್ದನ್ನು ನೋಡಿಯೇ ಕೇಕನ್ನು ಒಳಗಿಡುತ್ತೇನೆ.