ಕೋವ್‌ನ ಹಿತ್ತಲ ಗೋಡೆ ಒಣಗಿತು: ನನ್ನ ಅನುಭವ

ಈ ಚಳಿಗಾಲ ನಮ್ಮ ಮನೆಯ ಹಿತ್ತಲ ಕಡೆಯ ಗೋಡೆಯಲ್ಲಿ ಒಂದು ಹನಿಯೂ ಇಳಿಯಲಿಲ್ಲ. 'ಸಿಮೆಂಟ್ ಕಿತ್ತರೆ ಗೋಡೆಯೇ ಕೂರುತ್ತದೆ' ಎಂದು ಹೆದರಿಸಿದ್ದ ಇಬ್ಬರು ನೆರೆಯವರು ಮೊನ್ನೆ ಬಂದು ಅಂಗೈ ಇಟ್ಟು ನೋಡಿಹೋದರು.

ಮನೆ ಐರ್ಲೆಂಡಿನ ಕಾರ್ಕ್ ಕೌಂಟಿಯ ಕೋವ್‌ನಲ್ಲಿದೆ. ವಿಕ್ಟೋರಿಯಾ ರಾಣಿ 1849ರಲ್ಲಿ ಬಂದುಹೋದ ಮೇಲೆ ಊರಿಗೆ ಕ್ವೀನ್ಸ್‌ಟೌನ್ ಎಂಬ ಹೆಸರು ಬಿತ್ತು. ನಮ್ಮ ಸಾಲುಮನೆ ಆ ಕಾಲದ್ದು. ಇಲ್ಲಿನ ಇಳಿಜಾರು ಎಷ್ಟು ಕಡಿದೆಂದರೆ 1850ರ ವೆಸ್ಟ್ ವ್ಯೂ ಬೀದಿಯ 23 ಮನೆಗಳನ್ನು ಜನ ಇಸ್ಪೀಟು ಎಲೆಗಳೆಂದೇ ಕರೆಯುತ್ತಾರೆ. ನನ್ನ ತೊಂದರೆಯ ಬೇರೂ ಅದೇ ಇಳಿಜಾರು. ಹಿಂದಿನ ಮಣ್ಣು ಒಳಗಿನ ನೆಲಕ್ಕಿಂತ ಒಂದೂವರೆ ಅಡಿ ಮೇಲಿತ್ತು. ಸಾಲದ್ದಕ್ಕೆ ಗೋಡೆಗೆ ಯಾರೋ ಬಳಿದ ಸಿಮೆಂಟ್, ಕಲ್ಲು ಕುಡಿದ ನೀರನ್ನು ಹೊರಬಿಡುತ್ತಿರಲಿಲ್ಲ.

ಮೊದಲು ಒಬ್ಬ ಗುತ್ತಿಗೆದಾರ ಗೋಡೆಗೆ ರಂಧ್ರ ಕೊರೆದು ರಾಸಾಯನಿಕ ತುಂಬಿದ. ಸುಮಾರು 3,500 ಯೂರೊ ಹೋಯಿತು, ತೇವ ಎರಡಡಿ ಮೇಲೇರಿತು. ಆಮೇಲೆ ನಾನೇ ಎನ್‌ಎಚ್‌ಎಲ್ 5 ಎಂಬ, ನೀರು ಸೇರಿದರೆ ಗಟ್ಟಿಯಾಗುವ ಸುಣ್ಣ ಹಾಕಿದೆ. ಮೆತ್ತಗಿನ ಕೆಂಪು ಮರಳುಗಲ್ಲಿಗೆ ಅದು ವಿಪರೀತ ಗಡಸು, ಕಲ್ಲಿನ ಅಂಚೇ ಉದುರಿತು. ಮತ್ತೊಮ್ಮೆ ನವೆಂಬರಿನಲ್ಲಿ ಆತುರಪಟ್ಟೆ. ಹಿಮ ಬಿದ್ದು ಕಲ್ಲುಗಳ ಸಂದಿನ ಗಾರೆ ಪುಡಿಯಾಯಿತು. ಇವೆರಡಕ್ಕೆ ಇನ್ನೊಂದು ಎರಡು ಸಾವಿರ.

ಕೆಲಸ ಕೊಟ್ಟಿದ್ದು ಮೇ ತಿಂಗಳಲ್ಲಿ ಮಾಡಿದ ಬಿಸಿ ಗಾರೆ. ಸಂರಕ್ಷಿತ ಕಟ್ಟಡವಾದ್ದರಿಂದ ಕೌಂಟಿ ಕೌನ್ಸಿಲ್‌ಗೆ ಮೊದಲೇ ಅರ್ಜಿ ಕೊಟ್ಟಿದ್ದೆ. ಮಣ್ಣು ತಗ್ಗಿಸಿ, ಸಂದಿನಲ್ಲಿದ್ದುದನ್ನು ಅದರ ಅಗಲದ ಎರಡು ಪಟ್ಟು ಆಳಕ್ಕೆ ಉಳಿಯಲ್ಲೇ ಬಿಡಿಸಿದೆ, ಗ್ರೈಂಡರ್ ಮುಟ್ಟಲಿಲ್ಲ. ಸುಟ್ಟ ಸುಣ್ಣವನ್ನು ಒದ್ದೆ ಮರಳಿನಲ್ಲೇ ಅರಳಿಸಿ, ಬಿಸಿ ಆರುವ ಮೊದಲೇ ತುಂಬಿದೆ. ಸುಣ್ಣ ಒಂದಕ್ಕೆ ಮರಳು ಮೂರು ಅನ್ನಿ. ಯಾವ ಎರಡು ಮರಳು ಬೆರೆಸಿದೆ, ಎಷ್ಟು ಹೊತ್ತಿಗೆ ಕುಂಚದಿಂದ ತಟ್ಟಿದೆ ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಮೂರು ವಾರ ಒದ್ದೆ ಗೋಣಿತಾಟು ಹೊದಿಸಿದ್ದೆ. ಒಟ್ಟು 1,400 ಯೂರೊ, ಅಟ್ಟಣಿಗೆ ಬಾಡಿಗೆಯೂ ಸೇರಿ.

ನಡುವೆ ಅಜ್ಜನ ನೆನಪಾಯಿತು. ಅವರು ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ರಸ ಹಾಕಿಸುತ್ತಿದ್ದರು. ಕಾರ್ಕ್ ನಗರದಿಂದ ಬೆಲ್ಲ ತಂದು ಅಂಗಳದ ಮೋಟುಗೋಡೆಗೆ ಹಾಕಿ ನೋಡಿದೆ. ಇಲ್ಲಿನ ಮಳೆಗೆ ವಾರವಾದರೂ ಬಿಗಿಯಲಿಲ್ಲ, ಬೂಷ್ಟು ಹಿಡಿಯಿತು. ಒಳಕಪಾಟಿನ ಹಿಂದೆ ಹಚ್ಚಿದ್ದು ಮಾತ್ರ ಕಲ್ಲಿನಂತೆ ನಿಂತಿದೆ.

ಬೇಸಿಗೆಗೆ ಚಿಮಣಿ ಹಿಡಿಯುತ್ತೇನೆ. ಅಲ್ಲಿಯೂ ಸಿಮೆಂಟಿದೆ.