ಡ್ರ್ಯಾಗನ್ ಬಾಣಂತನ: ಮೊದಲು ಮಣ್ಣಿನ ಡಬ್ಬ, ಆಮೇಲೆ ಉಪಚಾರ

‘ನಮ್ಮದು ಒಂಟಿ ಹೆಣ್ಣು, ಗಂಡಿನ ಮುಖವನ್ನೇ ನೋಡಿಲ್ಲ, ಮೊಟ್ಟೆಯ ತಾಪತ್ರಯವೆಲ್ಲಿ?’ ಎನ್ನುತ್ತಾರೆ ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿ ಜಾತಿಯ ಪ್ರಾಣಿ ಸಾಕುವವರು. ಬೆಳೆದ ಹೆಣ್ಣು ಗಂಡಿಲ್ಲದೆಯೂ ಮೊಟ್ಟೆ ಇಡಬಹುದು. ಅದರಿಂದ ಮರಿ ಬರುವುದಿಲ್ಲ, ಅಷ್ಟೇ. ಒಂದು ಸಲಕ್ಕೆ 15ರಿಂದ 30 ಮೊಟ್ಟೆ ಸಾಮಾನ್ಯ.

ಆಸ್ಟ್ರೇಲಿಯಾದ ಒಣ ಒಳನಾಡಿನ ಈ ಪ್ರಾಣಿ ನಮ್ಮ ಬೇಲಿಯ ಓತಿಕ್ಯಾತನ ಕುಟುಂಬಕ್ಕೇ ಸೇರಿದ್ದು. ಎರಡೂ ನೆಲ ಬಗೆದು ಮೊಟ್ಟೆ ಇಟ್ಟು ಮುಚ್ಚುತ್ತವೆ. ಗಾಜಿನ ಪೆಟ್ಟಿಗೆಯಲ್ಲಿ ಬಗೆಯಲು ನೆಲ ಎಲ್ಲಿದೆ? ತಕ್ಕ ಜಾಗ ಸಿಗದಿದ್ದರೆ ಅದು ಮೊಟ್ಟೆ ತಡೆಹಿಡಿಯುತ್ತದೆ. ಅವು ಒಳಗೇ ಸಿಕ್ಕಿಕೊಂಡರೆ ಜೀವಕ್ಕೆ ಅಪಾಯ.

1. ಲಕ್ಷಣ ನೋಡಿ. ಹೊಟ್ಟೆ ಉಬ್ಬಿ, ಪಕ್ಕದಲ್ಲಿ ದುಂಡನೆಯ ಗಂಟುಗಳು ಕಾಣುತ್ತವೆ. ಒತ್ತಿ ನೋಡಬೇಡಿ. ದಿನ ಹತ್ತಿರವಾದಂತೆ ಊಟ ಬಿಟ್ಟು ಮೂಲೆ ಮೂಲೆ ಕೆರೆಯತೊಡಗುತ್ತದೆ.

2. ಡಬ್ಬ ಇಡಿ. ಹೆಣ್ಣು ಆರಾಮಾಗಿ ತಿರುಗುವಷ್ಟು ಅಗಲದ ಪ್ಲಾಸ್ಟಿಕ್ ಡಬ್ಬದಲ್ಲಿ ಗೊಬ್ಬರ, ಔಷಧ ಬೆರೆಸದ ಮಣ್ಣು ಮತ್ತು ತೊಳೆದ ಮರಳನ್ನು 20–30 ಸೆಂ.ಮೀ. ಆಳಕ್ಕೆ ತುಂಬಿ. ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ಕಟ್ಟಬೇಕು, ನೀರು ಸೋರಬಾರದು. ಒಣಗಿದ ಮರಳಾದರೆ ತೋಡಿದ ಬಿಲ ಕುಸಿಯುತ್ತದೆ, ಹೆಣ್ಣು ಬೇಸತ್ತು ಬಿಟ್ಟುಬಿಡುತ್ತದೆ. ನೀವೇ ಒಂದು ಗುಳಿ ಮಾಡಿಕೊಟ್ಟರೆ ಬೇಗ ಒಪ್ಪಿಕೊಳ್ಳುತ್ತದೆ.

3. ಒಂಟಿಯಾಗಿ ಬಿಡಿ. ಇಣುಕುವುದು, ಫೋಟೊ ತೆಗೆಯುವುದು ಬೇಡ (ಮನೆಯ ಮಕ್ಕಳಿಗೆ ಇದನ್ನು ಒಪ್ಪಿಸುವುದೇ ದೊಡ್ಡ ಕೆಲಸ). ಮೊಟ್ಟೆ ಇಟ್ಟಾದ ಮೇಲೆ ಬಿಲವನ್ನು ತಾನೇ ಮುಚ್ಚುತ್ತದೆ.

4. ಒಂದೆರಡು ದಿನ ಬಗೆದರೂ ಮೊಟ್ಟೆ ಇಡದೆ ಸೋತು ಮಲಗಿದರೆ, ತಿಣುಕಿದರೆ, ಕಾಲು ನಡುಗಿದರೆ ಕಾಯಬೇಡಿ. ಸರೀಸೃಪ ಗೊತ್ತಿರುವ ಪಶುವೈದ್ಯರಲ್ಲಿಗೆ ಒಯ್ಯಿರಿ. ಎಕ್ಸ್‌ರೇ, ಕ್ಯಾಲ್ಸಿಯಂ, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು. ಎಣ್ಣೆ ಹಚ್ಚಿ ಹೊಟ್ಟೆ ನೀವುವ ಮನೆಮದ್ದು ಖಂಡಿತ ಬೇಡ.

5. ಇನ್ನು ಬಾಣಂತನ. ಹೆತ್ತ ಹೆಣ್ಣಿನ ಪಕ್ಕೆ ಒಳಸೇರಿ, ಚರ್ಮ ಜೋಲುತ್ತದೆ. ಮೊದಲು ಕುಡಿಯಲು ನೀರು, ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಸ್ನಾನ. ಮೊಟ್ಟೆಯ ಚಿಪ್ಪಿಗೆ ಕ್ಯಾಲ್ಸಿಯಂ ಸಾಲದೆ ಬಂದರೆ ದೇಹ ತನ್ನ ಮೂಳೆಯಿಂದಲೇ ತೆಗೆಯುತ್ತದೆ. ಹಾಗಾಗಿ ಮೊಟ್ಟೆಗೆ ಮುಂಚೆಯೂ, ನಂತರದ ಕೆಲವು ವಾರವೂ ತಿನ್ನಿಸುವ ಜೀರುಂಡೆಗೆ (ಕ್ರಿಕೆಟ್ ಹುಳು) ಕ್ಯಾಲ್ಸಿಯಂ ಪುಡಿ ಸವರಿ ಕೊಡಿ. ರೇಷ್ಮೆಹುಳು ಬಲು ಒಳ್ಳೆಯದು, ರೇಷ್ಮೆ ಸಾಕಣೆಯಲ್ಲಿ ಎರಚುವ ಸೋಂಕುನಿವಾರಕದ ಪುಡಿ ತಾಗಿರದಿದ್ದರೆ. ಪಾಲಕ್ ಬೇಡ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ. ಯುವಿಬಿ ದೀಪ (ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ ಕೊಡುವ ದೀಪ) ಮತ್ತು 40 ಡಿಗ್ರಿಯ ಆಸುಪಾಸಿನ ಬಿಸಿಲುಕಾಯುವ ಜಾಗ ಇಲ್ಲದಿದ್ದರೆ ಈ ಪುಡಿ ಮೈಗೆ ಹತ್ತುವುದಿಲ್ಲ.

ಜೊತೆಗೆ ಗಂಡಿದ್ದರೆ ಬೇರೆ ಗೂಡಿಗೆ ಹಾಕಿ. ಒಮ್ಮೆ ಕೂಡಿದ್ದಕ್ಕೇ ಕೆಲವು ವಾರಗಳಲ್ಲಿ ಎರಡನೆಯ ಸರದಿ ಬರಬಹುದು. ಮರಿ ಬೇಡವಾದರೆ ಮೊಟ್ಟೆಗಳನ್ನು ಅಂದೇ ತೆಗೆದು, ಇಡೀ ಒಂದು ದಿನ ಫ್ರೀಜರಿನಲ್ಲಿಟ್ಟು ನಂತರ ಹೂತುಬಿಡಿ.